ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್

ಶುಕ್ರವಾರದ ಮೊದಲ ಆಟ ಬಿಟ್ಟ ಕೂಡಲೇ ಥಿಯೇಟರ್ ಮುಂದೆ ಮೈಕ್ ಹಿಡಿದು ನಿಲ್ಲುವ ಯೂಟ್ಯೂಬ್ ಹುಡುಗರಿಗೆ ಸಿಗುವ ಉತ್ತರ ವರ್ಷಗಳಿಂದ ಬದಲಾಗಿಲ್ಲ. ಒಂದೋ ‘ಬೆಂಕಿ ಗುರು’, ಇಲ್ಲಾ ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್’. ಎರಡನೆಯ ಉತ್ತರವನ್ನು ಸಿನಿಮಾ ಮಂದಿ ಲೇವಡಿ ಮಾಡುವುದುಂಟು. ಆದರೆ ಕಳೆದ ಮೂರ್ನಾಲ್ಕು ವರ್ಷದ ಸಿನಿಮಾ ಮತ್ತು ಸೀರೀಸ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಪ್ರೇಕ್ಷಕನ ದೂರು ತೀರಾ ಖಚಿತವಾದದ್ದು ಅನ್ನಿಸುತ್ತದೆ. ಲ್ಯಾಗ್ ಆಗುವುದು ಸೆಕೆಂಡ್ ಹಾಫಿನಲ್ಲಿ. ಎಡವಟ್ಟು ಆಗಿರುವುದು ಮಾತ್ರ ಇಂಟರ್ವಲ್ಲಿನಲ್ಲಿ.

ಲೆಕ್ಕ ಹಾಕಿ ನೋಡೋಣ. ಎರಡೂವರೆ ಗಂಟೆಯ ಮಾಮೂಲಿ ಸ್ಟಾರ್ ಸಿನಿಮಾ ಅಂದರೆ 150 ನಿಮಿಷ. ಇಂಟರ್ವಲ್ ನಂತರ ಉಳಿಯುವುದು 75. ಅದರಲ್ಲಿ ಮೊದಲ ಐದು ನಿಮಿಷ, ಪಾಪ್‌ಕಾರ್ನ್ ಹಿಡಿದು ಕತ್ತಲಲ್ಲಿ ಸೀಟು ಹುಡುಕುವವರಿಗಾಗಿ ಬಿಟ್ಟುಕೊಟ್ಟ ಸಮಯ. ಅಲ್ಲಿ ಮುಖ್ಯವಾದ ಯಾವ ಮಾತನ್ನೂ ಆಡಿಸುವುದಿಲ್ಲ, ಕಾಮಿಡಿ ನಟರನ್ನೋ ಡ್ರೋನ್ ಶಾಟನ್ನೋ ಓಡಿಸುತ್ತಾರೆ. ಆಮೇಲೆ ನಾಯಕ ಯಾಕೆ ಹೀಗಾದ ಎಂದು ಹೇಳುವ ಫ್ಲ್ಯಾಶ್‌ಬ್ಯಾಕ್, ಒಂದು ಹಾಡೂ ಒಂದು ಫೈಟೂ ಸೇರಿ 25 ನಿಮಿಷ. ಹೊಡೆದಾಟದ ಕ್ಲೈಮ್ಯಾಕ್ಸಿಗೆ 20. ವಾಪಸ್ ಬಂದ ಮೇಲೊಂದು ಹಾಡು, 5. ಕೂಡಿದರೆ 55. ಮುಂದೇನಾಯಿತು ಎಂಬ ಕಥೆಗೆ ಸಿಗುವುದು ಇಪ್ಪತ್ತೇ ನಿಮಿಷ. ಆ ಇಪ್ಪತ್ತರಲ್ಲೂ ವಿಲನ್ ಆಫೀಸಿನಲ್ಲಿ ಫೋನ್ ಒಡೆಯುವ ದೃಶ್ಯ ಎರಡು ಸಲ ಬಂದಿರುತ್ತದೆ.

ಇದರಲ್ಲಿ ಹೆಚ್ಚು ನಷ್ಟ ಮಾಡುವುದು ಫ್ಲ್ಯಾಶ್‌ಬ್ಯಾಕು. ನಾಯಕ ಬದುಕಿದ್ದಾನೆ, ಅವನ ಮನೆಯವರು ಇಲ್ಲ ಎಂಬುದು ನಮಗೆ ಆಗಲೇ ಗೊತ್ತು. ಹಾಗಾಗಿ ಆ 25 ನಿಮಿಷದಲ್ಲಿ ಯಾರು ಸಾಯುತ್ತಾರೆ ಅನ್ನುವ ಕುತೂಹಲವಿಲ್ಲ, ಯಾವಾಗ ಸಾಯುತ್ತಾರೆ ಎಂದು ಕಾಯುವುದಷ್ಟೇ. ಫ್ಲ್ಯಾಶ್‌ಬ್ಯಾಕೇ ಕೆಟ್ಟದ್ದು ಅಂತಲ್ಲ. ತರುಣ್ ಸುಧೀರ್ ಅವರ ‘ಕಾಟೇರ’ (2023) ಹೆಚ್ಚುಕಡಿಮೆ ಪೂರ್ತಿ ಹಿಂದಿನ ಕಥೆಯೇ. ಅಲ್ಲಿ ಗೇಣಿ, ಭೂಮಿ, ಉಳುವವನ ಹಕ್ಕು ಇವೇ ಸಿನಿಮಾದ ವಸ್ತು, ಆದ್ದರಿಂದ ಹಿಂದಕ್ಕೆ ಹೋದದ್ದು ಭಾರವಾಗಲಿಲ್ಲ. ಓಡುತ್ತಿರುವ ಕಥೆಯನ್ನು ನಡುದಾರಿಯಲ್ಲಿ ನಿಲ್ಲಿಸಿ, ಇನ್ನೊಂದು ಸಿನಿಮಾ ಶುರು ಮಾಡಿದಾಗ ಮಾತ್ರ ಜನ ಮೊಬೈಲ್ ತೆಗೆಯುತ್ತಾರೆ.

ಇಂಟರ್ವಲ್ ಎಂಬುದು ಹುಟ್ಟಿದ್ದು ಕಥೆಗಾರರ ತಲೆಯಲ್ಲೇನೂ ಅಲ್ಲ. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತಿತ್ತು. ಸಾವಿರ ಅಡಿಯ ರೀಲು ಅಂದರೆ ಹನ್ನೊಂದು ನಿಮಿಷ. ಎರಡೂವರೆ ಗಂಟೆಗೆ 13,500 ಅಡಿ. ಅಷ್ಟು ರೀಲು ಬದಲಿಸುವ, ಪ್ರೊಜೆಕ್ಟರ್ ತಣಿಸುವ, ಕ್ಯಾಂಟೀನ್ ನಡೆಸುವ ಅನುಕೂಲಕ್ಕೆ ನಡುವೆ ಬಿಡುವು ಬೇಕಾಯಿತು. ಈಗ ರೀಲಿಲ್ಲ, ಸರ್ವರ್ ಇದೆ. ಕ್ಯಾಂಟೀನ್ ಮಾತ್ರ ಹಾಗೇ ಇದೆ, ಮಲ್ಟಿಪ್ಲೆಕ್ಸಿನಲ್ಲಂತೂ ಟಿಕೆಟ್ಟಿಗಿಂತ ಅದರ ದುಡ್ಡೇ ದೊಡ್ಡದು ಅನ್ನಿಸುವಷ್ಟು. ಇಂಟರ್ವಲ್ ಹೋಗುವುದಿಲ್ಲ. ಹೋಗಬೇಕೆಂದೂ ಇಲ್ಲ. ಹತ್ತು ಹದಿನೈದು ನಿಮಿಷ ಪ್ರೇಕ್ಷಕರು ಎದ್ದುಹೋಗಿ, ಪಕ್ಕದವರ ಜೊತೆ ಕಥೆಯ ಬಗ್ಗೆ ಮಾತಾಡಿ ವಾಪಸ್ ಬರುತ್ತಾರೆ. ಬೇರೆ ಬಹಳಷ್ಟು ದೇಶದ ಕಥೆಗಾರರಿಗೆ ಇಲ್ಲದ ಸೌಲಭ್ಯ ಇದು. ಆ ಹೊತ್ತಿನಲ್ಲಿ ಅವರು ಏನು ಮಾತಾಡಬೇಕು ಎಂದು ಯೋಚಿಸಿ ಬರೆದವರ ಸೆಕೆಂಡ್ ಹಾಫ್ ನಿಲ್ಲುತ್ತದೆ. ಢಂ ಅಂತ ಡ್ರಮ್ ಬಾರಿಸಿ, ಸ್ಲೋ ಮೋಷನ್ನಿನಲ್ಲಿ ನಾಯಕನನ್ನು ತಿರುಗಿಸಿ, ‘ಮಧ್ಯಂತರ’ ಅಂತ ಹಾಕಿ ಕಳಿಸಿದರೆ ಮಾತಾಡಲು ಏನೂ ಇರುವುದಿಲ್ಲ. ಸಮೋಸ ತಿಂದು ಬರುತ್ತಾರೆ.

ಢಂ ಅನ್ನಿಸುವುದರಲ್ಲೂ ಜಾಣತನ ಇರಬಹುದು ಎಂಬುದಕ್ಕೆ ನರ್ತನ್ ಅವರ ‘ಮಫ್ತಿ’ (2017) ಒಳ್ಳೆಯ ಉದಾಹರಣೆ. ಶಿವಣ್ಣನ ಭೈರತಿ ರಣಗಲ್ ತೆರೆಗೆ ಬರುವುದೇ ಇಂಟರ್ವಲ್ ಹೊತ್ತಿಗೆ. ಅಲ್ಲಿಯವರೆಗೆ ಬರೀ ಹೆಸರು, ಹೆದರಿಕೆ, ಬಿಲ್ಡಪ್. ಶ್ರೀಮುರಳಿಯ ಪೊಲೀಸ್ ಪಾತ್ರದ ಜೊತೆ ನಾವೂ ಆ ಮನುಷ್ಯನನ್ನು ಹುಡುಕುತ್ತಾ ಹೋಗಿರುತ್ತೇವೆ. ಎಂಟ್ರಿ ಆದ ಮೇಲೆ ಪ್ರಶ್ನೆ ಬದಲಾಗುತ್ತದೆ: ಇವನು ಎಲ್ಲಿದ್ದಾನೆ ಎಂಬುದು ಹೋಗಿ, ಇವನು ಎಂಥವನು ಎಂಬುದು ಬರುತ್ತದೆ. ಅದೇ ಪಾತ್ರದ ಹಿಂದಿನ ಕಥೆಯಾಗಿ ಬಂದ ‘ಭೈರತಿ ರಣಗಲ್’ (ನವೆಂಬರ್ 2024) ಅಷ್ಟು ಗಟ್ಟಿಯಾಗಿ ಕೂರಲಿಲ್ಲ. ಕರಿಕೋಟಿನ ವಕೀಲ ಕರಿಬಟ್ಟೆಯ ದೊರೆಯಾಗುತ್ತಾನೆ ಎಂದು ಟಿಕೆಟ್ ತೆಗೆದುಕೊಳ್ಳುವಾಗಲೇ ಎಲ್ಲರಿಗೂ ಗೊತ್ತು. ವಕೀಲನಾಗಿ ಕೋರ್ಟಿನೊಳಗೆ ಸೋಲುವ ಭಾಗವನ್ನೇ ಇನ್ನಷ್ಟು ಹಿಗ್ಗಿಸಿದ್ದರೆ, ಕಾನೂನಿನ ಮೇಲೆ ಅವನಿಗಿದ್ದ ನಂಬಿಕೆ ಹಂತಹಂತವಾಗಿ ಕಳಚುವುದು ಕಾಣುತ್ತಿತ್ತು. ಬದಲಾವಣೆ ಒಮ್ಮೆಲೇ ಆಗುತ್ತದೆ, ಆಮೇಲೆ ಉಳಿಯುವುದು ಹೊಡೆತ. ಶಿವಣ್ಣನ ಕಣ್ಣಿಗೆ ಇವತ್ತೂ ಅಷ್ಟು ತೂಕ ಇರುವುದರಿಂದ ನೋಡಿಸಿಕೊಂಡು ಹೋಗುತ್ತದೆ, ಅದು ಬೇರೆ ಮಾತು.

ಫ್ಲ್ಯಾಶ್‌ಬ್ಯಾಕಿನಿಂದ ತಪ್ಪಿಸಿಕೊಳ್ಳಲು ಒಂದು ಸುಲಭದ ದಾರಿ ಇದೆ: ಕಥೆಯನ್ನು ಒಂದೇ ರಾತ್ರಿಗೆ ಕಟ್ಟಿಹಾಕುವುದು. ನಿತಿನ್ ಕೃಷ್ಣಮೂರ್ತಿಯವರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ (ಜುಲೈ 2023) ವಾರ್ಡನ್ ಹೆಣ ಇಟ್ಟುಕೊಂಡು ಓಡುತ್ತದೆ, ‘ಮ್ಯಾಕ್ಸ್’ (ಡಿಸೆಂಬರ್ 2024) ಠಾಣೆಯೊಳಗೆ ಸತ್ತ ಮಂತ್ರಿಮಕ್ಕಳ ಹೆಣ ಇಟ್ಟುಕೊಂಡು. ಅದೇ ವರ್ಷ ಫೆಬ್ರವರಿಯಲ್ಲಿ ಬಂದ ಸಂದೀಪ್ ಸುಂಕದ್ ಅವರ ‘ಶಾಖಾಹಾರಿ’ಯಲ್ಲಿ ಮಲೆನಾಡಿನ ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣನೂ ಹೆಣದ ತಾಪತ್ರಯಕ್ಕೇ ಸಿಕ್ಕಿಬೀಳುತ್ತಾನೆ. ಕನ್ನಡದಲ್ಲಿ ಹೆಣ ಸಾಗಿಸುವ ಸಿನಿಮಾ ಅಂತಲೇ ಒಂದು ಪ್ರಕಾರ ಹುಟ್ಟಿಕೊಂಡಂತಿದೆ. ತಮಾಷೆ ಹಾಗಿರಲಿ, ಬೆಳಗಾಗುವುದರೊಳಗೆ ಮುಗಿಯಬೇಕಾದ ಕೆಲಸ ಒಂದಿದ್ದರೆ ಸೆಕೆಂಡ್ ಹಾಫ್ ತಾನಾಗಿ ಬಿಗಿಯಾಗುತ್ತದೆ. ಮೂರರಲ್ಲಿ ನನ್ನ ಮಟ್ಟಿಗೆ ಗೆಲ್ಲುವುದು ‘ಶಾಖಾಹಾರಿ’. ಅದಕ್ಕೆ ಒಂದು ರಾತ್ರಿಯ ಗಡುವೂ ಬೇಕಾಗಲಿಲ್ಲ. ರಂಗಾಯಣ ರಘು ಅಡುಗೆಮನೆಯಲ್ಲಿ, ಗೋಪಾಲಕೃಷ್ಣ ದೇಶಪಾಂಡೆ ಪೊಲೀಸ್ ಸಮವಸ್ತ್ರದಲ್ಲಿ. ಇಬ್ಬರೂ ಒಳ್ಳೆಯವರೇ, ಒಬ್ಬರಿಗೊಬ್ಬರು ಪರಿಚಿತರೇ. ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು ಎಂದು ಒಮ್ಮೆ ಗೊತ್ತಾದ ಮೇಲೆ ಡ್ರಮ್ ಯಾಕೆ ಬೇಕು? ‘ಹಾಸ್ಟೆಲ್ ಹುಡುಗರು’ ಮೊದಲ ಅರ್ಧ ಗಂಟೆ ಕಿರುಚಾಡಿ ಸುಸ್ತು ಮಾಡುತ್ತದೆ, ಹಿಡಿತಕ್ಕೆ ಬರುವುದು ಆಮೇಲೆ. ‘ಮ್ಯಾಕ್ಸ್’ ಸುದೀಪ್ ಇಲ್ಲದಿದ್ದರೆ ಇನ್ನಷ್ಟು ಚೆನ್ನಾಗಿರುತ್ತಿತ್ತೇನೋ. ಅವರು ಹೆದರಿಕೊಂಡಿದ್ದಾರೆ ಎಂದು ನಂಬುವುದು ಕಷ್ಟ, ಹೆದರಿಕೆ ಇಲ್ಲದ ಕಡೆ ಗಡಿಯಾರ ಎಷ್ಟು ಓಡಿದರೇನು.

ಈಗ ‘ಸು ಫ್ರಮ್ ಸೋ’. ಜುಲೈ 25, 2025ರಂದು ಸ್ಟಾರ್ ಇಲ್ಲದೆ, ಅಬ್ಬರದ ಪ್ರಚಾರ ಇಲ್ಲದೆ ಬಂದು ನೂರು ಕೋಟಿ ದಾಟಿದ ಸಿನಿಮಾ. ಬರೆದು ನಿರ್ದೇಶಿಸಿ ಅಶೋಕನ ಪಾತ್ರವನ್ನೂ ಮಾಡಿದವರು ಜೆ.ಪಿ. ತುಮಿನಾಡು, ನಿರ್ಮಾಣದಲ್ಲಿ ರಾಜ್ ಬಿ. ಶೆಟ್ಟಿ. ಕರಾವಳಿಯ ಮಾತು, ರಂಗಭೂಮಿಯ ಹಿನ್ನೆಲೆಯ ನಟರು, ಇದರಿಂದಲೇ ಓಡಿತು ಎಂದು ಬಹಳಷ್ಟು ಜನ ಬರೆದರು. ಕರಾವಳಿ ಮಾತಿನ, ಅಷ್ಟೇ ಒಳ್ಳೆಯ ನಟರ ಎಷ್ಟೋ ಸಿನಿಮಾ ಎರಡನೇ ವಾರ ಕಾಣದೆ ಹೋಗಿವೆಯಲ್ಲ? ಇಲ್ಲಿ ಕೆಲಸ ಮಾಡಿದ್ದು ಕಥೆಯ ಜೋಡಣೆ.

ಜೋಡಣೆ ಹೀಗಿದೆ. ಅಶೋಕ ಮಾಡಬಾರದ ಕೆಲಸ ಮಾಡಲು ಹೋಗಿ ಸಿಕ್ಕಿಬೀಳುವ ಹಂತದಲ್ಲಿ ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಒಂದೇ ಒಂದು ಸುಳ್ಳು. ಊರಿನವರು ಆ ಸುಳ್ಳಿಗೆ ತಾವೇ ಹೆಸರು ಕೊಡುತ್ತಾರೆ: ಸೋಮೇಶ್ವರದ ಸುಲೋಚನಾ. ಅಶೋಕ ಬಾಯಿಬಿಟ್ಟು ಹೇಳಿದ್ದು ಕಡಿಮೆ, ಊರು ತುಂಬಿಸಿದ್ದು ಜಾಸ್ತಿ. ಊರಿಗೆಲ್ಲ ಬೇಕಾದ ರವಿಯಣ್ಣ (ಶನೀಲ್ ಗೌತಮ್) ಮುಂದಾಳತ್ವ ವಹಿಸಿಕೊಂಡ ಮೇಲೆ ಸುಳ್ಳನ್ನು ಹಿಂತೆಗೆದುಕೊಳ್ಳುವ ಬಾಗಿಲೂ ಮುಚ್ಚುತ್ತದೆ, ಯಾಕೆಂದರೆ ಈಗ ನಿಜ ಹೇಳಿದರೆ ಮರ್ಯಾದೆ ಹೋಗುವುದು ಅಶೋಕನದ್ದಷ್ಟೇ ಅಲ್ಲ. ಪ್ರತಿ ಹತ್ತು ನಿಮಿಷಕ್ಕೆ ಇನ್ನೊಬ್ಬ ಗೌರವಸ್ಥ ಆ ಸುಳ್ಳಿಗೆ ಜಾಮೀನು ನಿಲ್ಲುತ್ತಾ ಹೋಗುತ್ತಾನೆ. ನಗು ಹುಟ್ಟುವುದು ಪಂಚ್ ಡೈಲಾಗಿನಿಂದಲ್ಲ, ಈ ಕಟ್ಟುಪಾಡಿನಿಂದ.

ಆಮೇಲೆ ಸುಲೋಚನಾಳ ಮಗಳು ಭಾನು ಬರುತ್ತಾಳೆ (ಸಂಧ್ಯಾ ಅರಕೆರೆ). ಇದೊಂದೇ ಹೆಜ್ಜೆ ಸೆಕೆಂಡ್ ಹಾಫನ್ನು ಉಳಿಸಿತು. ಅಲ್ಲಿಯವರೆಗೆ ‘ಸುಲೋಚನಾ’ ಅಂದರೆ ಇಡೀ ಥಿಯೇಟರು ನಗುತ್ತಿತ್ತು. ಭಾನು ಎದುರು ನಿಂತ ಮೇಲೆ ಅದು ಒಬ್ಬಳು ತಾಯಿಯ ಹೆಸರು, ಕಷ್ಟದಲ್ಲಿ ಬದುಕಿದವಳ ಹೆಸರು. ಸುಳ್ಳು ಅದೇ, ಊರೂ ಅದೇ, ಆದರೆ ಅದರಿಂದ ಇನ್ನು ಮುಂದೆ ಅಶೋಕನಿಗೆ ಅವಮಾನ ಆಗುವುದಷ್ಟೇ ಅಲ್ಲ, ಇನ್ನೊಬ್ಬರಿಗೆ ನೋವಾಗಬಹುದು. ಹೊಸ ವಿಲನ್, ಹೊಸ ಫ್ಲ್ಯಾಶ್‌ಬ್ಯಾಕ್ ತರದೆ ಹಳೆಯ ಸಾಮಾನಿನಲ್ಲೇ ಹೊಸ ಪ್ರಶ್ನೆ ಎತ್ತಿದ್ದು ಇದು. ಕನ್ನಡದಲ್ಲಿ ಈಚೆಗೆ ಇಷ್ಟು ಚೊಕ್ಕವಾಗಿ ಯಾರೂ ಮಾಡಿಲ್ಲ.

ಹಾಗಂತ ಸಿನಿಮಾ ದೋಷವಿಲ್ಲದ್ದಲ್ಲ. ಹೆಣ್ಣುಮಗಳನ್ನು ಕದ್ದು ನೋಡಲು ಹೋದದ್ದೇ ಎಲ್ಲದರ ಮೂಲ ಎಂಬುದನ್ನು ಸಿನಿಮಾ ಬೇಗ ಮರೆಯುತ್ತದೆ, ಅಥವಾ ಮರೆಸುತ್ತದೆ. ಹೆಂಗಸೊಬ್ಬಳ ಘನತೆಯ ಬಗ್ಗೆ ಕೊನೆಯಲ್ಲಿ ಅಷ್ಟು ಕಾಳಜಿ ತೋರುವ ಕಥೆಗೆ ಮೊದಲ ತಪ್ಪಿನ ಲೆಕ್ಕ ಚುಕ್ತಾ ಮಾಡುವ ಒಂದು ದೃಶ್ಯ ಬೇಕಿತ್ತು. ರಾಜ್ ಶೆಟ್ಟಿಯವರ ಕರುಣಾಕರ ಗುರೂಜಿ ಬಂದ ಹೊಸತರಲ್ಲಿ ಮಜಾ ಕೊಟ್ಟು, ಆಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತಾರೆ. ಅಲ್ಲಿ ಒಂದು ಹತ್ತು ನಿಮಿಷ ಕತ್ತರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಫ್ಲ್ಯಾಶ್‌ಬ್ಯಾಕನ್ನು ಹೇಗೆ ಬಳಸಬೇಕು ಎಂದು ಕಲಿಯಬೇಕಾದರೆ ಪಕ್ಕದ ಮನೆಗೆ ಹೋಗಬೇಕು. ಚಿದಂಬರಂ ನಿರ್ದೇಶನದ ಮಲಯಾಳದ ‘ಮಂಜುಮ್ಮೆಲ್ ಬಾಯ್ಸ್’ (ಫೆಬ್ರವರಿ 2024) ಬೆಂಗಳೂರಿನಲ್ಲೂ ಚೆನ್ನಾಗಿಯೇ ಓಡಿತು. 2006ರಲ್ಲಿ ಕೊಡೈಕೆನಾಲಿನ ಗುಣಾ ಗುಹೆಯಲ್ಲಿ ನಡೆದ ನಿಜ ಘಟನೆ, ಪ್ರವಾಸಕ್ಕೆ ಹೋದ ಗೆಳೆಯರಲ್ಲಿ ಸುಭಾಷ್ ಎಂಬವನು ಆಳದ ಬಿರುಕಿಗೆ ಬೀಳುತ್ತಾನೆ. ಸಿನಿಮಾದ ಆರಂಭದಲ್ಲಿ ಮದುವೆ ಮನೆಯ ಹತ್ತಿರ ಎರಡು ತಂಡಗಳ ಹಗ್ಗಜಗ್ಗಾಟ ಇದೆ. ನೋಡುವಾಗ ಅದು ಬರೀ ಹುಡುಗರ ಗಲಾಟೆ. ಎಷ್ಟೋ ಹೊತ್ತಾದ ಮೇಲೆ, ಕುಟ್ಟನ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗಿಳಿದು ಸುಭಾಷನನ್ನು ಹಿಡಿದಾಗ, ಮೇಲೆ ಎಳೆಯಲು ನಿಂತಿರುವುದು ಅದೇ ತಂಡ, ಅದೇ ಹಿಡಿತ. ಎಳೆಯುವ ಶಕ್ತಿ ಇವರಿಗೆ ಎಲ್ಲಿಂದ ಬಂತು ಎಂದು ಯಾರೂ ವಿವರಿಸುವುದಿಲ್ಲ, ವಿವರಣೆ ಮೊದಲೇ ಆಗಿಹೋಗಿದೆ. ಇವರ ಬಾಲ್ಯವೂ ಬರುತ್ತದೆ, ಆದರೆ ಗುಹೆಯ ಕತ್ತಲಿನ ನಡುನಡುವೆ ಚಿಕ್ಕಚಿಕ್ಕ ತುಣುಕಾಗಿ. ಹಿಂದಿನ ಕಥೆ ಮುಂದಿನ ಕಥೆಯನ್ನು ನಿಲ್ಲಿಸುವುದೇ ಇಲ್ಲ. ನಮ್ಮವರು 25 ನಿಮಿಷದಲ್ಲಿ ಹೇಳುವುದನ್ನು ಇವರು ಒಟ್ಟಾರೆ ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ.

‘ಕಾಂತಾರ’ (ಸೆಪ್ಟೆಂಬರ್ 30, 2022) ಬಗ್ಗೆ ಇಷ್ಟು ಬರೆದಾಗಿದೆ, ಇನ್ನೇನು ಬಾಕಿ ಅನ್ನಬಹುದು. ಬಾಕಿ ಇರುವುದು ಅದರ ಕಾಲದ ಜೋಡಣೆ. 1847ರಲ್ಲಿ ಅರಸ ದೈವಕ್ಕೆ ಕೊಟ್ಟ ಮಾತು, 1970ರಲ್ಲಿ ಆ ಮಾತು ಮುರಿಯಲು ಹೋದ ವಂಶಜನ ಗತಿ, ಎರಡನ್ನೂ ರಿಷಬ್ ಶೆಟ್ಟಿ ಆರಂಭದಲ್ಲೇ ಹೇಳಿ ಮುಗಿಸುತ್ತಾರೆ. ಸೆಕೆಂಡ್ ಹಾಫಿಗೆ ಇಡಬಹುದಾಗಿದ್ದ ಫ್ಲ್ಯಾಶ್‌ಬ್ಯಾಕನ್ನು ತಂದು ತಲೆಬಾಗಿಲಲ್ಲೇ ಇಟ್ಟರು. ಹಾಗಾಗಿ 1990ರ ಕಥೆ ಶುರುವಾದ ಮೇಲೆ ಹಿಂದಕ್ಕೆ ತಿರುಗಿ ನಿಲ್ಲಬೇಕಾದ ಅಗತ್ಯ ಬರಲಿಲ್ಲ.

ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಇಪ್ಪತ್ತು ನಿಮಿಷ ನಿಂತಿರುವುದು ಗುರುವನ ಸಣ್ಣ ದೃಶ್ಯವೊಂದರ ಮೇಲೆ. ಧಣಿ ದೇವೇಂದ್ರ (ಅಚ್ಯುತ್ ಕುಮಾರ್) ಕೋಲದಲ್ಲಿ ತನ್ನ ಪರವಾಗಿ ನುಡಿಸಬೇಕೆಂದು ಆಸೆ ತೋರಿಸುತ್ತಾನೆ, ದೈವ ಕಟ್ಟುವ ಗುರುವ ಒಪ್ಪುವುದಿಲ್ಲ. ಅಬ್ಬರವಿಲ್ಲ, ಸವಾಲಿಲ್ಲ, ಮೆಲುದನಿಯಲ್ಲಿ ಆಗುವುದಿಲ್ಲ ಅನ್ನುವುದಷ್ಟೇ. ‘ಮಧ್ಯಂತರ’ ಎಂಬ ಅಕ್ಷರ ಎಲ್ಲಿ ಬಿದ್ದರೂ ಸಿನಿಮಾ ನಿಜವಾಗಿ ತಿರುಗುವುದು ಅಲ್ಲಿ. ಅದಕ್ಕೆ ಮುಂಚೆ ಕಥೆ ಅರಣ್ಯ ಇಲಾಖೆ ಮತ್ತು ಊರಿನ ನಡುವಿನದ್ದು. ಆಮೇಲೆ ಧಣಿ ಮತ್ತು ದೈವದ ನಡುವಿನದ್ದು. ಶತ್ರು ಯಾರು ಎಂದು ನಮಗೆ ಗೊತ್ತು, ನಾಯಕ ಶಿವನಿಗೆ ಗೊತ್ತಿಲ್ಲ. ಆ ಅಂತರವೇ ಸೆಕೆಂಡ್ ಹಾಫನ್ನು ಎಳೆದುಕೊಂಡು ಹೋಗುತ್ತದೆ.

ಸೋತಿರುವುದು ಲೀಲಾಳ ಭಾಗ. ಊರಿನ ಹುಡುಗಿ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ, ತನ್ನ ಜನರ ಜಾಗಕ್ಕೇ ಬೇಲಿ ಹಾಕುವವರ ಜೊತೆ ನಿಲ್ಲಬೇಕಾಗುತ್ತದೆ. ಇಡೀ ಸಿನಿಮಾದ ಇಕ್ಕಟ್ಟು ಒಬ್ಬಳ ಮೈಮೇಲೆ ಬಂದು ಕೂತಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ ಅನ್ನುವ ಹಾಗೆ ಸಮವಸ್ತ್ರ ಒಂದು ಕಡೆ, ಊರು ಒಂದು ಕಡೆ. ಅದನ್ನು ಬಿಟ್ಟು ಸಿನಿಮಾ ಅವಳಿಗೆ ಕೊಟ್ಟದ್ದು ಚಿವುಟಿಸಿಕೊಳ್ಳುವ ಪ್ರೇಮ. ಸಪ್ತಮಿ ಗೌಡ ಅದನ್ನೂ ನಿಭಾಯಿಸಿದ್ದಾರೆ, ಬರವಣಿಗೆ ಅವರ ಕೈಹಿಡಿಯಲಿಲ್ಲ.

ಮೂರು ವರ್ಷದ ನಂತರ ಬಂದ ‘ಕಾಂತಾರ: ಚಾಪ್ಟರ್ 1’ (ಅಕ್ಟೋಬರ್ 2, 2025) ಆ ತಪ್ಪನ್ನು ತಿದ್ದಿಕೊಂಡಿದೆ. ರುಕ್ಮಿಣಿ ವಸಂತ್ ಅವರ ಕನಕವತಿ ನಾಯಕಿಯ ಖಾಲಿ ಜಾಗ ತುಂಬಲು ಬಂದವಳಲ್ಲ, ಸೆಕೆಂಡ್ ಹಾಫಿನ ತಿರುವೇ ಅವಳು. ನೋಡದವರಿಗಾಗಿ ಹೆಚ್ಚು ಹೇಳುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಅದ್ಭುತ, ಅಜನೀಶ್ ಅವರ ಸಂಗೀತ ಗಟ್ಟಿ, ಆದರೆ ಕಿವಿಗೆ ಬಿಡುವೇ ಇಲ್ಲ. ಹತ್ತು ನಿಮಿಷಕ್ಕೊಂದು ಕ್ಲೈಮ್ಯಾಕ್ಸ್ ಬಂದರೆ ಕೊನೆಯ ಕ್ಲೈಮ್ಯಾಕ್ಸಿಗೆ ಉಳಿಯುವುದೇನು? ಮೊದಲ ಸಿನಿಮಾದಲ್ಲಿ ‘ಓ’ ಎಂಬ ಕೂಗು ಎದೆ ನಡುಗಿಸಿದ್ದು ಅದಕ್ಕೆ ಮುಂಚೆ ಒಂದಿಷ್ಟು ಮೌನ ಇದ್ದದ್ದರಿಂದ. ಗುರುವನ ದೃಶ್ಯದಂಥ ಒಂದು ಸಣ್ಣ ‘ಇಲ್ಲ’ ಇಲ್ಲಿ ಸಿಗಲಿಲ್ಲ.

ಎರಡು ಭಾಗದ ಸಿನಿಮಾ ಅಂದರೆ ಇಂಟರ್ವಲ್ಲನ್ನೇ ತಿಂಗಳುಗಟ್ಟಲೆ ಹಿಗ್ಗಿಸುವುದು. ‘ಕೆಜಿಎಫ್’ ಎರಡು ಭಾಗಗಳ ನಡುವೆ ಮೂರು ವರ್ಷಕ್ಕೂ ಹೆಚ್ಚು ಅಂತರ ಬಿತ್ತು, ಕಥೆ ಹೇಳುವ ಅನಂತ್ ನಾಗ್ ಹೋಗಿ ಪ್ರಕಾಶ್ ರಾಜ್ ಬಂದರು. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಎ ಬಂದದ್ದು ಸೆಪ್ಟೆಂಬರ್ 1, 2023. ಸೈಡ್ ಬಿ ಬಂದದ್ದು ನವೆಂಬರ್ 17. ಮಧ್ಯೆ 77 ದಿನ. ಈ 77 ದಿನ ಸಿನಿಮಾದ ಭಾಗವೇ ಆಗಿತ್ತು ಎಂಬುದು ನನ್ನ ವಾದ.

ಸೈಡ್ ಎ: ಮನು (ರಕ್ಷಿತ್ ಶೆಟ್ಟಿ) ಶ್ರೀಮಂತರ ಮನೆಯ ಡ್ರೈವರ್, ಪ್ರಿಯಾ (ರುಕ್ಮಿಣಿ ವಸಂತ್) ಹಾಡುಗಾರ್ತಿ. ಧಣಿಯ ಮಗ ಮಾಡಿದ ಅಪಘಾತವನ್ನು ದುಡ್ಡಿನ ಆಸೆಗೆ ತನ್ನ ಮೇಲೆ ಹಾಕಿಕೊಂಡು ಮನು ಜೈಲು ಸೇರುತ್ತಾನೆ. ಬಿಡಿಸುತ್ತೇನೆಂದ ಧಣಿ ಸತ್ತುಹೋಗುತ್ತಾನೆ. ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಯೂ ಸಣ್ಣದು, ಪ್ರತಿ ಹೆಜ್ಜೆಯೂ ತಪ್ಪು. ವಕೀಲ, ದುಡ್ಡು, ಜೈಲಿನೊಳಗಿನ ಜಗಳ, ಒಂದೊಂದಕ್ಕೂ ಕಾರಣ ಇದೆ. ಅದಕ್ಕೇ ಪ್ರಿಯಾ ಬೇರೆಯವನ ಹೆಂಡತಿಯಾಗುವ ಹೊತ್ತಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಚರಣ್ ರಾಜ್ ಸಂಗೀತದ ಜೊತೆ ಆ ಹತ್ತಿರಹತ್ತಿರ ಎರಡೂವರೆ ಗಂಟೆ ಕನ್ನಡದ ಪ್ರೇಮಕಥೆಗಳಲ್ಲಿ ಮೇಲಿನ ಸಾಲಿಗೆ ಸೇರುತ್ತದೆ.

ಸೈಡ್ ಬಿ ಹತ್ತು ವರ್ಷದ ನಂತರದ್ದು. ತೆರೆಯ ತುಂಬ ಇದ್ದ ನೀಲಿ ಬಣ್ಣ ಹೋಗಿ ಕೆಂಪು ಬಂದಿದೆ. ಪ್ರಿಯಾ ಬದಲಾಗಿದ್ದಾಳೆ, ಮನು ಬದಲಾಗಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ, ಜೈಲು ಅವನ ಗಡಿಯಾರ ನಿಲ್ಲಿಸಿತ್ತು. ಆದರೆ ಬದಲಾಗದ ಮನುಷ್ಯ ಹತ್ತಿರಹತ್ತಿರ ಎರಡೂವರೆ ಗಂಟೆ ಹೊತ್ತು ನಿಲ್ಲುವುದು ಕಷ್ಟ. ದೂರದಿಂದ ಪ್ರಿಯಾಳನ್ನು ನೋಡುವ, ಹಿಂಬಾಲಿಸುವ, ಗುಟ್ಟಾಗಿ ನೆರವಾಗುವ ದೃಶ್ಯಗಳು ಒಂದರ ಮೇಲೊಂದು ಬೀಳುತ್ತವೆ. ನಾಲ್ಕನೆಯ ಸಲಕ್ಕೆ ಅದು ಪ್ರೇಮವೋ ಬೆನ್ನಟ್ಟುವಿಕೆಯೋ ಎಂಬ ಅನುಮಾನ ಬರುತ್ತದೆ, ಸಿನಿಮಾ ಆ ಅನುಮಾನವನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಚೈತ್ರಾ ಆಚಾರ್ ಅವರ ಸುರಭಿ ಈ ಸೈಡಿನ ಜೀವ. ಅವಳಿಗೆ ತನ್ನದೇ ಆದ ಆಸೆ ಕೊಟ್ಟು ಬರೆಯಬೇಕಿತ್ತು, ಮನುವಿನ ಕಥೆ ಕೇಳುವ ಕೆಲಸ ಕೊಟ್ಟು ಬಿಟ್ಟರು.

ಥಿಯೇಟರಿನಲ್ಲಿ ನೋಡಿದವರಿಗೆ ಸೈಡ್ ಬಿ ಅಷ್ಟು ಭಾರವಾಗಲಿಲ್ಲ, ಒಟಿಟಿಯಲ್ಲಿ ಎರಡನ್ನೂ ಒಂದೇ ಸಲ ಕೂತು ನೋಡಿದವರು ಎರಡನೆಯದನ್ನು ಬೈದರು. ಕಾರಣ ಸರಳ. ಹಾಡು ಕೇಳುತ್ತಾ, ಪ್ರಿಯಾಳಿಗೆ ಏನಾಗಿರಬಹುದು ಎಂದು ಊಹಿಸುತ್ತಾ ಕಳೆದ ಹನ್ನೊಂದು ವಾರದಲ್ಲಿ ಪ್ರೇಕ್ಷಕನೂ ಮನುವಿನ ಹಾಗೆ ಕಾದಿದ್ದ. ಸುಮಾರು ಐದು ಗಂಟೆಯನ್ನು ಒಟ್ಟಿಗೆ ನೋಡಿದರೆ ಆ ಕಾಯುವಿಕೆ ಇಲ್ಲ, ಹತ್ತು ವರ್ಷ ಕಳೆಯಿತೆಂದು ತೆರೆಯ ಮೇಲಿನ ಅಕ್ಷರ ಹೇಳಬೇಕಷ್ಟೆ. ಮನೆಯಲ್ಲಿ ನೋಡುವವರು ಎರಡರ ನಡುವೆ ಕಡೇಪಕ್ಷ ಒಂದು ವಾರ ಬಿಡಿ.

ಮನೆಯಲ್ಲಿ ನೋಡುವಾಗ ಎಲ್ಲ ಸ್ಟಾರ್ ಸಿನಿಮಾಗಳಿಗೂ ಈ ಕಷ್ಟ ಇದೆ. ಢಂ ಅಂತ ಇಂಟರ್ವಲ್ ಬಂತು, ಅಕ್ಷರ ಬಂತು, ಮರುಕ್ಷಣವೇ ಡ್ರೋನ್ ಶಾಟ್, ಕಾಮಿಡಿ. ಕ್ಯಾಂಟೀನಿಗೆಂದು ಬಿಟ್ಟ ಐದು ನಿಮಿಷದ ಸಡಿಲ ಭಾಗ ಸೋಫಾದಲ್ಲಿ ಕೂತವನಿಗೆ ಬೆತ್ತಲೆಯಾಗಿ ಕಾಣುತ್ತದೆ. ತದ್ವಿರುದ್ಧ ಕಷ್ಟ ಸಣ್ಣ ಸಿನಿಮಾಗಳದ್ದು. ಸುಮಂತ್ ಭಟ್ ಅವರ ‘ಮಿಥ್ಯ’ (ಮಾರ್ಚ್ 2025), ಅಪ್ಪ ಅಮ್ಮನನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿ ಕಡೆಗೆ ಬಂದ ಹುಡುಗನ ಕಥೆ, ನೂರು ನಿಮಿಷದ ಆಸುಪಾಸಿನದ್ದು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’, ಬೂಸಾನ್ ಚಿತ್ರೋತ್ಸವದಲ್ಲಿ 2022ರಲ್ಲಿ ಪ್ರಶಸ್ತಿ ಪಡೆದು 2024ರ ಜೂನ್‌ನಲ್ಲಿ ಥಿಯೇಟರಿಗೆ ಬಂದದ್ದು, ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ನೆಟ್‌ವರ್ಕ್ ಮಾರ್ಕೆಟಿಂಗ್ ನಂಬಿ ದುಡ್ಡು ಹಾಕುವ ಕಥೆ. ಇವೆರಡರಲ್ಲೂ ನಿಲ್ಲಿಸಬೇಕಾದ ಜಾಗವೇ ಇಲ್ಲ. ‘ಮಿಥ್ಯ’ದ ಹುಡುಗ ಆತಿಶ್ ಶೆಟ್ಟಿ ಬಾಯಿಬಿಡದೆ ಮುಖದಲ್ಲಿ ಒತ್ತಡ ಕಟ್ಟುತ್ತಾ ಹೋಗುವಾಗ ದೀಪ ಹತ್ತಿಸಿ ಜಾಹೀರಾತು ಹಾಕಿದರೆ, ಮತ್ತೆ ಅಲ್ಲಿಗೆ ತಲುಪಲು ಹದಿನೈದು ನಿಮಿಷ ಬೇಕು. ಇಂಥವನ್ನು ಮಾತ್ರ ಮನೆಯಲ್ಲಿ, ಫೋನ್ ದೂರ ಇಟ್ಟು ನೋಡುವುದೇ ಒಳ್ಳೆಯದು.

ಸೀರೀಸ್ ವಿಚಾರಕ್ಕೆ ಬಂದರೆ, ಕನ್ನಡದಲ್ಲಿ ನಿಜವಾಗಿ ಕೆಲಸ ಶುರುವಾಗಿದ್ದು ಈಚೆಗೆ. ಝೀ5ನಲ್ಲಿ ‘ಅಯ್ಯನ ಮನೆ’ (ಏಪ್ರಿಲ್ 2025), ‘ಶೋಧ’ (ಆಗಸ್ಟ್ 2025) ಬಂದವು. ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ ಕಿರುತೆರೆಯಲ್ಲಿ ಪಳಗಿದ ಕೈಗಳದ್ದು, ಅದರ ಬಲವೂ ದೌರ್ಬಲ್ಯವೂ ಅಲ್ಲೇ ಇದೆ. ಟೀವಿ ಧಾರಾವಾಹಿಯ ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಉಳಿಯುವುದು 22 ನಿಮಿಷದಷ್ಟು. ಅದರೊಳಗೆ ಮೂರು ಬ್ರೇಕ್. ಪ್ರತಿ ಬ್ರೇಕಿಗೂ ಮುಂಚೆ ಒಂದು ಬೆಚ್ಚಿಬೀಳಿಸುವ ಕ್ಷಣ ಬೇಕು, ಬ್ರೇಕ್ ಮುಗಿದ ಮೇಲೆ ಅದೇ ಕ್ಷಣಕ್ಕೆ ಮನೆಮಂದಿಯ ಮುಖ ಒಂದೊಂದಾಗಿ ತೋರಿಸಬೇಕು. ಈ ಅಭ್ಯಾಸ ಕೈಗೆ ಹತ್ತಿದವರು ಒಟಿಟಿಗೆ ಬಂದಾಗ ಪುಟ್ಟ ಕಂತುಗಳನ್ನು ಸಲೀಸಾಗಿ ಓಡಿಸಬಲ್ಲರು. ‘ಅಯ್ಯನ ಮನೆ’ಯಲ್ಲಿ ಜಾಜಿ (ಖುಷಿ ರವಿ) ಸೊಸೆಯಾಗಿ ಕಾಲಿಟ್ಟ ದಿನವೇ ಸಾವು, ಹಿಂದಿನ ಸೊಸೆಯಂದಿರ ಸಾವು, ಮನೆದೇವರ ಭಯ, ಎಲ್ಲ ಚಕಚಕನೆ ಬರುತ್ತದೆ, ಬೇಸರವಿಲ್ಲ. ಆದರೆ ಪ್ರತಿ ಕಂತಿನ ಕೊನೆಯ ಬೆಚ್ಚುವಿಕೆ ಮುಂದಿನ ಕಂತಿನ ಎರಡನೇ ನಿಮಿಷಕ್ಕೆ ಆರಿಹೋಗುತ್ತದೆ. ಬಾಗಿಲ ಹಿಂದೆ ಯಾರೋ ಇದ್ದಾರೆ ಎಂದು ಮುಗಿಸಿ, ಮುಂದಿನದರಲ್ಲಿ ಅದು ಮನೆಯವರೇ ಎಂದು ತೋರಿಸುವ ಬಗೆ. ಬಿಡುವನ್ನು ಬರೀ ಗಾಳವಾಗಿ ಬಳಸಿದ್ದು ಇದು.

‘ಶೋಧ’ದಲ್ಲಿ ನಿರ್ದೇಶಕ ಪವನ್ ಕುಮಾರ್ ನಟನಾಗಿ ಬಂದಿದ್ದಾರೆ. ಹೆಂಡತಿ ಕಾಣೆಯಾದ ವಕೀಲ, ನಾನೇ ನಿನ್ನ ಹೆಂಡತಿ ಎಂದು ಬಂದ ಹೆಂಗಸು (ಸಿರಿ ರವಿಕುಮಾರ್). ಶುರುವಾತು ಚೆನ್ನಾಗಿದೆ. ಇಂಥ ಕಥೆಗೆ ಇರುವ ಉತ್ತರಗಳು ಮೂರೋ ನಾಲ್ಕೋ ಅಷ್ಟೆ, ಥ್ರಿಲ್ಲರ್ ನೋಡುವ ಚಾಳಿ ಇದ್ದವರು ಎರಡನೇ ಕಂತಿಗೇ ಪಟ್ಟಿ ಮಾಡಿಬಿಡುತ್ತಾರೆ. ಆಮೇಲೆ ಕಥೆಗಾರ ಪಾತ್ರವನ್ನು ಬೆಳೆಸಬೇಕು, ಒಗಟನ್ನಲ್ಲ. ಇಲ್ಲಿ ಒಗಟಿನ ಮೇಲೆ ಒಗಟು ಬಿದ್ದಿತು.

ಕಂತುಗಳ ನಡುವಿನ ಖಾಲಿ ಜಾಗವನ್ನು ಹೇಗೆ ಬಳಸಬೇಕು ಎಂಬುದಕ್ಕೆ ಈಚಿನ ವರ್ಷಗಳಲ್ಲಿ ‘ಅಡೋಲೆಸೆನ್ಸ್’ನಷ್ಟು (ನೆಟ್‌ಫ್ಲಿಕ್ಸ್, ಮಾರ್ಚ್ 2025) ಒಳ್ಳೆಯ ಮಾದರಿ ಬೇರೆ ಇಲ್ಲ. ಇಂಗ್ಲೆಂಡಿನ ಹದಿಮೂರು ವರ್ಷದ ಜೇಮಿಯನ್ನು ಸಹಪಾಠಿಯ ಕೊಲೆ ಆರೋಪದ ಮೇಲೆ ಪೊಲೀಸರು ಬೆಳ್ಳಂಬೆಳಗ್ಗೆ ಎತ್ತಿಕೊಂಡು ಹೋಗುತ್ತಾರೆ. ನಾಲ್ಕೇ ಕಂತು, ಪ್ರತಿ ಕಂತೂ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಎಲ್ಲರೂ ಹೊಗಳಿದ್ದು ಈ ಶಾಟ್‌ಗಳನ್ನು. ಶ್ರಮ ನಿಜಕ್ಕೂ ದೊಡ್ಡದು: ಪೂರ್ತಿ ಕಂತನ್ನು ಮತ್ತೆ ಮತ್ತೆ ಮೊದಲಿನಿಂದ ತೆಗೆದು, ಒಂದನೆಯ ಕಂತಿಗೆ 2ನೇ ಟೇಕ್, ಎರಡನೆಯದಕ್ಕೆ 13ನೇ, ಮೂರನೆಯದಕ್ಕೆ 11ನೇ, ನಾಲ್ಕನೆಯದಕ್ಕೆ 16ನೇ ಟೇಕ್ ಉಳಿಸಿಕೊಂಡರು. ಎರಡನೇ ಕಂತಿನ ಕೊನೆಗೆ ಕ್ಯಾಮೆರಾವನ್ನು ಡ್ರೋನಿಗೆ ಸಿಕ್ಕಿಸಿ ಶಾಲೆಯಿಂದ ಹಾರಿಸಿ, ಕೊಲೆಯಾದ ಜಾಗದಲ್ಲಿ ಇಳಿಸಿ, ಅಪ್ಪನ ಮುಖದ ಎದುರು ತಂದು ನಿಲ್ಲಿಸಿದ್ದಾರೆ. ಅಲ್ಲಿ ಒಂದು ಕ್ಷಣ ಕಥೆ ಬಿಟ್ಟು ಡ್ರೋನ್ ನೆನಪಾಗುತ್ತದೆ. ಅಷ್ಟರಮಟ್ಟಿಗೆ ಅದು ತೋರಿಕೆ.

ಹೆಚ್ಚು ಜಾಣತನ ಇರುವುದು ಕ್ಯಾಮೆರಾ ಇಲ್ಲದ ಕಡೆ. ಮೊದಲ ಕಂತು ಬಂಧನದ ದಿನ, ಎರಡನೆಯದು ಮೂರನೇ ದಿನ, ಮೂರನೆಯದು ಏಳು ತಿಂಗಳ ನಂತರ, ನಾಲ್ಕನೆಯದು ಹದಿಮೂರು ತಿಂಗಳ ನಂತರ. ಕೋರ್ಟ್ ವಿಚಾರಣೆ, ವಕೀಲರ ವಾದ, ಮಾಧ್ಯಮದ ಗದ್ದಲ, ಬೇರೆ ಯಾರೇ ಆದರೂ ತೋರಿಸುತ್ತಿದ್ದದ್ದೆಲ್ಲ ಕಂತುಗಳ ಹೊರಗೇ ಉಳಿಯುತ್ತದೆ. ಮೂರನೇ ಕಂತಿನಲ್ಲಿ ಒಂದು ಕೋಣೆ, ಹುಡುಗ, ಅವನನ್ನು ಮಾತಾಡಿಸಲು ಬಂದ ಮನಶ್ಶಾಸ್ತ್ರಜ್ಞೆ. ಅವಳು ಅವನಿಗೆ ಬಿಸಿ ಚಾಕೊಲೇಟೂ ತನ್ನ ಅರ್ಧ ಸ್ಯಾಂಡ್‌ವಿಚ್ಚೂ ಕೊಡುತ್ತಾಳೆ. ಏಳು ತಿಂಗಳಲ್ಲಿ ಹುಡುಗ ಏನಾಗಿದ್ದಾನೆ ಎಂದು ಯಾರೂ ಹೇಳುವುದಿಲ್ಲ. ಅವನು ಎದ್ದು ನಿಂತಾಗ ಅವಳ ಭುಜ ಬಿಗಿಯಾಗುವುದು ಹೇಳುತ್ತದೆ. ಕೊನೆಯಲ್ಲಿ ಅವನು ಕಚ್ಚಿಟ್ಟ ಸ್ಯಾಂಡ್‌ವಿಚ್ಚನ್ನು ಅವಳಿಗೆ ಮುಟ್ಟಲೂ ಆಗುವುದಿಲ್ಲ. ಆ ಕೈ ಹಿಂಜರಿಯುವುದನ್ನು ಇಟ್ಟು, ಅರ್ಧ ಗಂಟೆಯ ಕೋರ್ಟ್ ದೃಶ್ಯವನ್ನೇ ಕೈಬಿಟ್ಟಿದ್ದಾರೆ. ಓವನ್ ಕೂಪರ್ ಎಂಬ ಆ ಹುಡುಗನಿಗೆ ಎಮ್ಮಿ ಪ್ರಶಸ್ತಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಕನ್ನಡಕ್ಕೆ ತರಬೇಕಾದರೆ ಡ್ರೋನೂ ಬೇಡ, ಒಂದೇ ಶಾಟೂ ಬೇಡ. ರಕ್ಷಿತ್ ಶೆಟ್ಟಿಯವರ ನಿರ್ಮಾಣ ಸಂಸ್ಥೆ ಪರಂವಃ ಕಡೆಯಿಂದ ಬಂದ ‘ಏಕಂ’ ಕರಾವಳಿಯ ಏಳು ಬಿಡಿ ಕಥೆಗಳ ಸರಣಿ. ಕೊಳ್ಳುವ ಒಟಿಟಿ ಸಿಗದೆ 2024ರ ಜುಲೈ 13ರಂದು ತಮ್ಮದೇ ವೆಬ್‌ಸೈಟಿನಲ್ಲಿ, ದುಡ್ಡು ಕೊಟ್ಟು ನೋಡುವ ಹಾಗೆ ಬಿಟ್ಟರು. ಏಳೂ ಒಂದೇ ತೂಕದವಲ್ಲ, ಎರಡು ಕಥೆಗಳಂತೂ ಚಿತ್ರೋತ್ಸವದ ಗಾಂಭೀರ್ಯವನ್ನು ಎರವಲು ತಂದಂತಿವೆ. ಆದರೆ ಪ್ರತಿ ಕಂತೂ ತನ್ನಲ್ಲೇ ಮುಗಿಯುವುದರಿಂದ ಗಾಳ ಹಾಕುವ ಹಂಗಿಲ್ಲ, ಕೊನೆಯ ನಿಮಿಷದಲ್ಲಿ ಬಾಗಿಲು ಬಡಿಯುವವರಿಲ್ಲ. ನೋಡುವುದಾದರೆ ಒಂದು ರಾತ್ರಿಗೆ ಒಂದೇ ಕಂತು ನೋಡಿ, ಏಳನ್ನೂ ಸಾಲಾಗಿ ನೋಡಿದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ.